ಶಿಶು ಆರೋಗ್ಯ ತಪಾಸಣೆಯಲ್ಲಿ ತಂದೆತಾಯಿಯರ ಮನಃಸ್ಥಿತಿ
(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಅಂಗನವಾಡಿಯಲ್ಲಿ ತೂಗಿದ ಮಗುವಿನ ತೂಕ ಎರಡು ತಿಂಗಳಿಂದ ಏರಿಲ್ಲವೆಂದು ಕಂಡುಬಂದರೆ ಮೊದಲು ಆಹಾರವನ್ನು, ಅನಂತರ ಭೇದಿ, ಜ್ವರಗಳನ್ನು ವಿಚಾರಿಸಲಾಗುತ್ತದೆ. ತಾಯಿ ರಾತ್ರಿ ನಿದ್ರಿಸುವಳೇ, ಮನೆಯಲ್ಲಿ ಯಾರೊಡನಾದರೂ ಮನಬಿಚ್ಚಿ ಮಾತನಾಡುವಳೇ ಎಂದು ಕೇಳುವವರು ವಿರಳ. ನಲ್ಲಿಯಲ್ಲಿ ನೀರು ಬಾರದಿದ್ದಾಗ ಕೊಳವೆ ಮಾರ್ಗವನ್ನು ನೋಡದೆ ನಲ್ಲಿಯನ್ನೇ ಬದಲಿಸಿದಂತೆ ಇದು. ಹೆರಿಗೆಯ ನಂತರದ ಖಿನ್ನತೆಯಿಂದ ಹಾಲೂಡಿಸುವುದು, ಲಸಿಕೆಗೆ ಕರೆತರುವುದು, ಮಗುವಿನೊಡನೆ ನಗುವುದು ಕೂಡ ತಾಯಿಗೆ ಭಾರವಾಗಬಹುದು. ಮನೆಯವರು ಅದನ್ನು ಸೋಮಾರಿತನವೆಂದೋ ದೃಷ್ಟಿಯೆಂದೋ ತಿಳಿಯುವುದುಂಟು.

ಇದನ್ನು ಗುರುತಿಸಲು 1987ರಲ್ಲಿ ಎಡಿನ್‌ಬರೋ ಪ್ರಶ್ನಾವಳಿ ರೂಪುಗೊಂಡಿತು. ಕಳೆದ 7 ದಿನಗಳ ಮನಃಸ್ಥಿತಿಯನ್ನು ಕುರಿತು 10 ಪ್ರಶ್ನೆಗಳು, ಒಟ್ಟು 30 ಅಂಕಗಳು. ಕನ್ನಡ ರೂಪವನ್ನು ಕರ್ನಾಟಕದ ಗ್ರಾಮೀಣ ಗರ್ಭಿಣಿಯರಲ್ಲಿ ಪರೀಕ್ಷಿಸಲಾಗಿದೆ. ಇದು ರೋಗನಿರ್ಣಯವಲ್ಲ, ವೈದ್ಯರ ಬಳಿ ಯಾರನ್ನು ಕಳುಹಿಸಬೇಕೆಂಬುದನ್ನಷ್ಟೇ ತಿಳಿಸುತ್ತದೆ. ಕೊನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಆಲೋಚನೆಯನ್ನು ಕುರಿತದ್ದು. ಅದಕ್ಕೆ ಹೌದೆಂಬ ಉತ್ತರ ಬಂದಲ್ಲಿ ಒಟ್ಟು ಅಂಕ ಎಷ್ಟೇ ಇರಲಿ, ಅಂದೇ ವೈದ್ಯರಿಗೆ ತಿಳಿಸತಕ್ಕದ್ದು.

ತಂದೆತಾಯಿಯರ ಬಾಲ್ಯದ ಆಘಾತಗಳನ್ನೂ ಕೇಳಬೇಕೆಂಬ ವಾದವಿದೆ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ 17,000ಕ್ಕೂ ಹೆಚ್ಚು ವಯಸ್ಕರನ್ನು ಕುರಿತು ನಡೆದ ಅಧ್ಯಯನದ ಮೊದಲ ವರದಿ 1998ರಲ್ಲಿ ಪ್ರಕಟವಾಯಿತು. ಬಾಲ್ಯದಲ್ಲಿ ಹಿಂಸೆ, ಮನೆಯಲ್ಲಿ ಕುಡಿತ ಮುಂತಾದವನ್ನು ಹೆಚ್ಚು ಅನುಭವಿಸಿದವರಲ್ಲಿ ಮುಂದೆ ಖಿನ್ನತೆ, ಹೃದ್ರೋಗಗಳೂ ಹೆಚ್ಚೆಂದು ಅದು ತೋರಿಸಿತು. ಆದರೆ ಈ ಅಂಕಗಳನ್ನು ಒಬ್ಬೊಬ್ಬ ವ್ಯಕ್ತಿಯನ್ನು ಅಳೆಯಲು ಬಳಸಬಾರದೆಂದು ಅದೇ ಅಧ್ಯಯನದ ಮುಖ್ಯಸ್ಥರಲ್ಲೊಬ್ಬರಾದ ರಾಬರ್ಟ್ ಆಂಡಾ 2020ರಲ್ಲಿ ಎಚ್ಚರಿಸಿದರು. ಆದುದರಿಂದ ಹಳೆಯ ಗಾಯವನ್ನು ಮನೆಯ ಜಗಲಿಯ ಮೇಲೆ ಕೆದಕುವುದು ಸರಿಯಲ್ಲ. ಅತ್ತೆ ಪಕ್ಕದಲ್ಲಿ ಕುಳಿತಿರುವಾಗ ಗಂಡನ ಹೊಡೆತದ ಬಗ್ಗೆ ಕೇಳಿದರೆ ಉತ್ತರವೂ ಸಿಗದು. ಆ ರಾತ್ರಿ ಆಕೆಗೆ ಇನ್ನಷ್ಟು ಕಷ್ಟವಾದೀತು.

ಆಶಾ ಕಾರ್ಯಕರ್ತೆಯರು ಆಸ್ಪತ್ರೆ ಹೆರಿಗೆಯ ನಂತರ 3, 7, 14, 21, 28 ಮತ್ತು 42ನೆಯ ದಿನಗಳಂದು, ಮುಂದೆ 3ನೆಯ ತಿಂಗಳಿಂದ 15ನೆಯ ತಿಂಗಳವರೆಗೆ ಮೂರು ತಿಂಗಳಿಗೊಮ್ಮೆ ಮನೆಭೇಟಿ ಮಾಡುತ್ತಾರೆ. ತೊಡಕು ಇರುವುದು ಇವುಗಳ ನಡುವೆ. ಬಾಣಂತಿ ಮೊದಲ ತಿಂಗಳುಗಳನ್ನು ತವರಿನಲ್ಲಿ ಕಳೆದು, ಮೂರನೆಯದೋ ಐದನೆಯದೋ ತಿಂಗಳಲ್ಲಿ ಗಂಡನ ಮನೆಗೆ ಮರಳುತ್ತಾಳೆ. ತವರಿನ ಆಶಾ ಕಾರ್ಯಕರ್ತೆಗೆ ಆಕೆ ಊರು ಬಿಟ್ಟವಳು. ಇಲ್ಲಿಯ ಕಾರ್ಯಕರ್ತೆಗೆ ಇನ್ನೂ ಅಪರಿಚಿತಳು. ತಾಯಿ ಕಾರ್ಡ್ ಜೊತೆಯಲ್ಲಿ ಬರುತ್ತದೆ, ಆದರೆ ತವರಿನಲ್ಲಿ ಆಕೆ ದಿನವಿಡೀ ಅಳುತ್ತಿದ್ದಳೆಂಬ ಸಂಗತಿ ಬರುವುದಿಲ್ಲ. ತಾಯಿಯ ಒಪ್ಪಿಗೆ ಪಡೆದು ಇಬ್ಬರು ಕಾರ್ಯಕರ್ತೆಯರು ದೂರವಾಣಿಯಲ್ಲಿ ಒಮ್ಮೆ ಮಾತನಾಡಿಕೊಂಡರೆ ಈ ಕೊರತೆ ಬಹುಪಾಲು ನೀಗುತ್ತದೆ. ಇದಕ್ಕಾಗಿ ಮತ್ತೊಂದು ವಹಿ ಬೇಡ. ಅವರ ಬಳಿ ಈಗಾಗಲೇ ಸಾಕಷ್ಟಿವೆ.

ಸದಸ್ಯರು ವಿಶೇಷವಾಗಿ ಗಮನಿಸಬೇಕಾದದ್ದು ಗೋಪ್ಯತೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಇದನ್ನು ವ್ಯಕ್ತಿಯ ಹಕ್ಕೆಂದು ಮಾನ್ಯ ಮಾಡಿದೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಯಲ್ಲಿ ಹೆಸರುಗಳ ಪಟ್ಟಿಯನ್ನು ಕೇಳಕೂಡದು. ನಲವತ್ತು ಮನೆಗಳ ಊರಿನಲ್ಲಿ ‘ಒಬ್ಬ ಬಾಣಂತಿ’ ಎಂದರೂ ಹೆಸರು ಹೇಳಿದಂತೆಯೇ.

ಪಂಚಾಯಿತಿಯಿಂದ ಆಗಬಹುದಾದದ್ದು ಸಣ್ಣದು. ಲಸಿಕೆ ದಿನದಂದು ಅಂಗನವಾಡಿಯಲ್ಲಿ ಒಂದು ಮರೆ ಕಟ್ಟಿಸಿದರೆ ತಾಯಿ ಒಬ್ಬಳೇ ಕುಳಿತು ಮಾತನಾಡಬಲ್ಲಳು. ಮಗುವನ್ನು ಕರೆತಂದ ತಂದೆಯನ್ನೂ ಅಲ್ಲಿ ಕೇಳಬಹುದು. ಸಾಲ, ಕುಡಿತಗಳ ಮಾತು ಹೊರಬರುವುದು ಆಗಲೇ. ಮನೋಚೈತನ್ಯ ಕಾರ್ಯಕ್ರಮದಡಿ ನಿಗದಿತ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಅಲ್ಲಿಗೆ ಹೋಗಿಬರುವ ವಾಹನದ ವ್ಯವಸ್ಥೆಯನ್ನು ಮುಂದಿನ ಸಭೆಯಲ್ಲಿ ಚರ್ಚಿಸಬಹುದು. ಟೆಲಿ ಮಾನಸ್ ಉಚಿತ ಸಹಾಯವಾಣಿಯ ಸಂಖ್ಯೆ 14416. ಅದನ್ನು ಪಂಚಾಯಿತಿ ಕಚೇರಿಯ ಗೋಡೆಗಿಂತ ಅಂಗನವಾಡಿಯ ತೂಕದ ಯಂತ್ರದ ಬಳಿ ಬರೆಸುವುದು ಲೇಸು.