ಕಾರು: ಕೊಳ್ಳುವ ಮುನ್ನ ಲೆಕ್ಕ, ಮಾರುವಾಗ ಸತ್ಯ

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ ಸಲಾತ್ ಮತ್ತು ಸಲಾಮ್.

ಸಹೋದರ ಸಹೋದರಿಯರೇ, ಕಬ್ಬಿನ ಬಿಲ್ಲು ಕೈಸೇರಿದಾಗ, ಮಗನ ಮದುವೆ ನಿಶ್ಚಯವಾದಾಗ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ನಮ್ಮ ಮನೆಗಳಲ್ಲಿ ಹೊಸ ಕಾರಿನ ಮಾತು ಏಳುತ್ತದೆ. ವಾಹನ ಬೇಡವೆಂದು ಧರ್ಮ ಹೇಳಿಲ್ಲ. ಅನುಕೂಲವಾದ ವಾಹನ ಮನುಷ್ಯನ ಸೌಭಾಗ್ಯಗಳಲ್ಲಿ ಒಂದೆಂದು ಹದೀಸಿನಲ್ಲಿದೆ. ಆದರೆ ಕಾರಿನ ಬೆಲೆ ಇಳಿಯುತ್ತಲೇ ಹೋಗುತ್ತದೆ. ಆ ನಷ್ಟವನ್ನು ಕೊಳ್ಳುವ ಮೊದಲೇ ಎಣಿಸಬೇಕು. ಮಾರುವಾಗ ಮೋಸದಿಂದ ಇನ್ನೊಬ್ಬರ ತಲೆಗೆ ಕಟ್ಟಬಾರದು.

ಷೋರೂಮಿನಲ್ಲಿ 8 ಲಕ್ಷ ರೂಪಾಯಿಯ ಕಾರು ಎಂದಿಟ್ಟುಕೊಳ್ಳೋಣ. ನಮ್ಮ ರಾಜ್ಯದಲ್ಲಿ ಈ ಬೆಲೆಯ ಕಾರಿಗೆ ಆಜೀವ ತೆರಿಗೆ ಶೇ. 14, ಅಂದರೆ 1.12 ಲಕ್ಷ. ಸೆಸ್ ಬೇರೆ. ವಿಮೆಯ ಲೆಕ್ಕದಲ್ಲಿ ಕಾರಿನ ಮೌಲ್ಯ ಮೊದಲ ವರ್ಷ ಮುಗಿಯುವಷ್ಟರಲ್ಲಿ ಶೇ. 15, ಮೂರನೆಯ ವರ್ಷದಲ್ಲಿ ಶೇ. 30, ಐದನೆಯ ವರ್ಷದಲ್ಲಿ ಶೇ. 50 ಇಳಿಯುತ್ತದೆ. ಪೇಟೆಯಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಸಿಗಬಹುದು. ವಿಮೆಯ ಲೆಕ್ಕ ಹಿಡಿದರೆ 4 ಲಕ್ಷ ಹೋಯಿತು. 7 ಲಕ್ಷ ಸಾಲವನ್ನು ಶೇ. 9ರಂತೆ 5 ವರ್ಷಕ್ಕೆ ಪಡೆದರೆ ಬಡ್ಡಿಯೇ ಸುಮಾರು 1.72 ಲಕ್ಷ. ಮೂರನ್ನೂ ಕೂಡಿಸಿದರೆ 6.84 ಲಕ್ಷ, ಅಂದರೆ ತಿಂಗಳಿಗೆ 11,400 ರೂಪಾಯಿ. ಪೆಟ್ರೋಲು, ವಿಮೆಯ ಕಂತು, ರಿಪೇರಿ ಇದರಲ್ಲಿ ಸೇರಿಲ್ಲ.

ಬಡ್ಡಿಯ ಮಾತು ಹಣದ ನಷ್ಟಕ್ಕೇ ಮುಗಿಯುವುದಿಲ್ಲ. ಅಲ್ಲಾಹನು ವ್ಯಾಪಾರವನ್ನು ಹಲಾಲ್ ಮಾಡಿ ಬಡ್ಡಿಯನ್ನು ಹರಾಮ್ ಮಾಡಿದ್ದಾನೆ (ಕುರ್‌ಆನ್ 2:275). ಹಣ ಕೂಡಿಸಿ, ಗುರುತಿನ ಮೆಕ್ಯಾನಿಕ್‌ಗೆ ತೋರಿಸಿ ನಾಲ್ಕೈದು ವರ್ಷದ ಗಾಡಿ ಕೊಂಡರೆ ಮಾನ ಹೋಗುವುದಿಲ್ಲ. ಹೆಣ್ಣಿನ ಕಡೆಯವರಿಂದ ಕಾರು ಕೇಳುವುದರಲ್ಲಿ ಮಾನ ಹೋಗುತ್ತದೆ. ಮಹ್ರ್ ಕೊಡಬೇಕಾದವನು ವರ. ಅವನೇ ಕೈಚಾಚಿದರೆ ಆ ಸಾಲ ಒಬ್ಬ ತಂದೆಯ ಕೊರಳಿಗೆ ಬೀಳುತ್ತದೆ.

ಇನ್ನು ಮಾರಾಟ. 2019ರ ಆಗಸ್ಟಿನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿ ನಿಪ್ಪಾಣಿಯಿಂದ ಕಾಗವಾಡದವರೆಗೆ ಊರುಗಳು ಮುಳುಗಿದ್ದನ್ನು ನಾವೆಲ್ಲ ಕಂಡಿದ್ದೇವೆ. ನೀರು ಹೊಕ್ಕ ಗಾಡಿಯನ್ನು ತೊಳೆದು, ಸೀಟಿನ ಬಟ್ಟೆ ಬದಲಿಸಿದರೆ ಹೊಸದರಂತೆ ಕಾಣುತ್ತದೆ. ಒಳಗಿನ ವೈರಿಂಗ್ ತುಕ್ಕು ಹಿಡಿಯುತ್ತಲೇ ಇರುತ್ತದೆ. ಪ್ರವಾದಿ(ಸ) ಒಮ್ಮೆ ಪೇಟೆಯಲ್ಲಿ ಧಾನ್ಯದ ರಾಶಿಗೆ ಕೈ ಹಾಕಿದಾಗ ಒಳಗೆ ತೇವ ಹತ್ತಿತು. ಮಳೆಯಿಂದ ಹಾಗಾಯಿತೆಂದು ವ್ಯಾಪಾರಿ ಹೇಳಿದ. ನೆನೆದುದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲವೆಂದು ಕೇಳಿ, ಮೋಸ ಮಾಡುವವನು ನಮ್ಮವನಲ್ಲ ಎಂದು ಎಚ್ಚರಿಸಿದರು (ಮುಸ್ಲಿಮ್). ಮಳೆ ಬಂದುದು ಅವನ ತಪ್ಪಲ್ಲ, ಮುಚ್ಚಿಟ್ಟುದು ತಪ್ಪು.

ಆದ್ದರಿಂದ ಗಾಡಿ ಮಾರುವವರು ಕೇಳದಿದ್ದರೂ ಹೇಳಿಬಿಡಿ: ನೀರು ಹೊಕ್ಕಿತ್ತೇ, ಅಪಘಾತವಾಗಿತ್ತೇ, ಬ್ಯಾಂಕಿನ ಸಾಲ ಬಾಕಿ ಇದೆಯೇ. ಮೀಟರ್ ತಿರುಗಿಸಬೇಡಿ. ಕೊಲ್ಹಾಪುರ, ಸಾಂಗಲಿ ಕಡೆಯ ಗಾಡಿಯಾದರೆ ಅಲ್ಲಿನ ಆರ್‌ಟಿಒದ ಎನ್‌ಒಸಿ ಕೊಡಿ. ಇಲ್ಲಿ ಮರುನೋಂದಣಿಗೆ ತೆರಿಗೆ ಕಟ್ಟಬೇಕಾಗುತ್ತದೆಂದೂ ತಿಳಿಸಿ. ಬೆಲೆ ಕಡಿಮೆಯಾದರೆ ಆಗಲಿ. ಇಬ್ಬರೂ ಸತ್ಯ ಹೇಳಿ ದೋಷ ತಿಳಿಸಿದರೆ ವ್ಯಾಪಾರದಲ್ಲಿ ಬರಕತ್ ಇದೆ, ಮುಚ್ಚಿಟ್ಟರೆ ಬರಕತ್ ಅಳಿಯುತ್ತದೆ ಎಂಬುದು ಪ್ರವಾದಿ(ಸ)ರ ಬೋಧನೆ (ಬುಖಾರಿ, ಮುಸ್ಲಿಮ್).

ಅಲ್ಲಾಹನು ನಮ್ಮ ಸಂಪಾದನೆಯನ್ನು ಹಲಾಲ್ ಆಗಿಸಲಿ, ನಮ್ಮನ್ನು ಬಡ್ಡಿಯಿಂದಲೂ ಮೋಸದಿಂದಲೂ ಕಾಪಾಡಲಿ. ಆಮೀನ್.