ಗುಳಿಗೆ ಬಿಡಬೇಡಿರಿ



ಮುಟ್ಟು ನಿಂತ ಮೇಲೆ ಎಲುಬು ಬೇಗ ಸವೆಯುತ್ತದೆ. ಆದರೆ ಮುರಿಯುವ ತನಕ ನೋವು ಕಾಣುವುದಿಲ್ಲ.

ನಮ್ಮ ಅವ್ವನಿಗೆ ಡಾಕ್ಟರು ವಾರಕ್ಕೊಂದು ಗುಳಿಗೆ ಕೊಟ್ಟಿದ್ದರು. "ನೋವೇ ಇಲ್ಲ, ಗುಳಿಗೆ ಯಾಕ ಬೇಕು?" ಅಂತ ಬಿಟ್ಟಳು. ಮುಂದೆ ಅಂಗಳದಾಗ ಜಾರಿ ಬಿದ್ದಳು. ಸೊಂಟದ ಎಲುಬು ಮುರೀತು.

ಡಾಕ್ಟರ ಚೀಟಿ ಓದಲು ಆಗ ನನಗೂ ಬರ್ತಿರಲಿಲ್ಲ. ಈಗ ಓದ್ತೀನಿ.

70 ಮಿಲಿಗ್ರಾಂ ಅಲೆಂಡ್ರೊನೇಟ್ ಗುಳಿಗೆ ವಾರಕ್ಕೆ ಒಂದೇ. ಬೆಳಿಗ್ಗೆ ಖಾಲಿ ಹೊಟ್ಟೆಗೆ, ತುಂಬಿದ ಲೋಟ ನೀರಿನ ಜೊತೆ ನುಂಗಬೇಕು. ಚಹಾ ಬೇಡ. 30 ನಿಮಿಷ ಮಲಗಬಾರದು, ಏನೂ ತಿನ್ನಬಾರದು. ನುಂಗಲು ಕಷ್ಟವಾದರೆ, ಎದೆ ಉರಿದರೆ ಕೂಡಲೇ ಡಾಕ್ಟರಿಗೆ ತೋರಿಸಿರಿ.

ಗೋಡೆಯ ಕ್ಯಾಲೆಂಡರಿನಲ್ಲಿ ಗುಳಿಗೆಯ ದಿನಕ್ಕೆ ಗುರುತು ಹಾಕಿರಿ. ನೋವಿಲ್ಲ ಅಂತ ಬಿಡಬೇಡಿರಿ. ಗುಳಿಗೆ ಒಳಗೆ ಕೆಲಸ ಮಾಡ್ತಿರುತ್ತದೆ.