ನೇಗಿಲು, ವಿಮಾನ, ಮತಪೆಟ್ಟಿಗೆ



ಸೈನಿಕನೊಬ್ಬ ಸಮವಸ್ತ್ರವನ್ನು ಕಳಚಿದ ಮೇಲೆ ಏನಾಗುತ್ತಾನೆ ಎಂಬುದು ಕೇವಲ ಅವನೊಬ್ಬನ ಪ್ರಶ್ನೆಯಲ್ಲ. ಅದು ಅವನ ನಾಡಿನ ಸ್ವಭಾವವನ್ನು ತೋರಿಸುವ ಪ್ರಶ್ನೆ. ನೆರೆಯ ಪಾಕಿಸ್ತಾನದಲ್ಲಿ 1958, 1977 ಮತ್ತು 1999ರಲ್ಲಿ ಸೇನಾಧಿಪತಿಗಳೇ ರಾಜ್ಯಭಾರವನ್ನು ಕೈಗೆ ತೆಗೆದುಕೊಂಡರು. ಅಲ್ಲಿ ಸೈನ್ಯದೊಡನೆ ನಂಟುಳ್ಳ ಫೌಜಿ ಫೌಂಡೇಶನ್ನಿನಂಥ ಸಂಸ್ಥೆಗಳು ಗೊಬ್ಬರ, ಸಿಮೆಂಟುಗಳ ಉದ್ಯಮವನ್ನೂ ನಡೆಸುತ್ತವೆ. ಆದ್ದರಿಂದ ಅಲ್ಲಿನ ಅಧಿಕಾರಿಗೆ ವ್ಯಾಪಾರದ ಬಾಗಿಲೂ ಅಧಿಕಾರದ ಬಾಗಿಲೂ ಎಷ್ಟೋ ಸಲ ದಂಡಿನ ಅಂಗಳದಿಂದಲೇ ತೆರೆದುಕೊಂಡಿವೆ. ನಮ್ಮಲ್ಲಿ ಹಾಗಲ್ಲ. ಇಲ್ಲಿ ಸೈನಿಕನು ಮೊದಲು ಬರಿಗೈಯ ಪ್ರಜೆಯಾಗಬೇಕು. ಆಮೇಲೆ ಬೇಕಾದುದನ್ನು ಆಗಬಹುದು. ಹಾಗೆ ಆದವರಲ್ಲಿ ಒಬ್ಬರು ನಮ್ಮ ಕನ್ನಡಿಗರೇ ಆದ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್. ಅವರ ಬದುಕನ್ನು ಕುರಿತು ಇಂದು ನಾಲ್ಕು ಮಾತು.

ಗೋಪಿನಾಥರು ಹುಟ್ಟಿದ್ದು 1951ರಲ್ಲಿ. ಬೆಳೆದದ್ದು ಹಾಸನ ಜಿಲ್ಲೆಯ ಗೊರೂರಿನಲ್ಲಿ. ಆ ಊರಿನ ಹೆಸರು ಕೇಳಿದೊಡನೆ ಸಾಹಿತ್ಯಾಸಕ್ತರಿಗೆ ಗೊರೂರು ರಾಮಸ್ವಾಮಿ ಅಯ್ಯಂಗಾರರು ನೆನಪಾಗುತ್ತಾರೆ. ಅವರ ಹಾಸ್ಯದಲ್ಲಿ ಅರಳಿದ ಆ ಹೇಮಾವತಿಯ ದಂಡೆಯೇ ಈ ಬಾಲಕನ ಪ್ರಪಂಚ. ತಂದೆ ಶಾಲೆಯ ಉಪಾಧ್ಯಾಯರು. ಮಗನನ್ನು ಮೊದಲ ಕೆಲವು ವರ್ಷ ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಕಲಿಸಿದರು. ಬಳಿಕ ಕನ್ನಡ ಶಾಲೆಗೆ ಸೇರಿಸಿದರು.

ಇಲ್ಲಿಂದ ಮುಂದಿನ ಘಟ್ಟ ನಮ್ಮ ಸೀಮೆಗೆ ಹತ್ತಿರದ್ದು. ಅಫಜಲಪುರದಿಂದ ಪಶ್ಚಿಮಕ್ಕೆ ಹೊರಟರೆ ಸಿಗುವ ವಿಜಯಪುರದಲ್ಲಿ 1963ರಲ್ಲಿ ಸೈನಿಕ ಶಾಲೆ ಸ್ಥಾಪನೆಯಾಯಿತು. ಅದರ ಪ್ರವೇಶ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆದಾಗ ಈ ಹುಡುಗ ತೇರ್ಗಡೆಯಾಗಲಿಲ್ಲ. ಕನ್ನಡದಲ್ಲಿ ಬರೆಯುವ ಅವಕಾಶ ದೊರೆತಾಗ ಆಯ್ಕೆಯಾದ. ಹುಡುಗ ಅವನೇ, ಬುದ್ಧಿಯೂ ಅದೇ. ಬದಲಾದದ್ದು ಪ್ರಶ್ನೆಪತ್ರಿಕೆಯ ಭಾಷೆಯೊಂದೇ. ಆಳಂದ, ಜೇವರ್ಗಿಗಳ ಹಳ್ಳಿಯ ಮಕ್ಕಳಿಗೆ ಪಾಠ ಹೇಳಿದ ನನ್ನಂಥವರಿಗೆ ಈ ಸಂಗತಿ ಬಹಳ ದೊಡ್ಡದಾಗಿ ಕಾಣುತ್ತದೆ. ಭಾಷೆಯ ಬಾಗಿಲು ಮುಚ್ಚಿದ್ದರಿಂದಲೇ ದಡ್ಡರೆಂದು ಹೆಸರು ಪಡೆದವರು ನಮ್ಮಲ್ಲಿ ಎಷ್ಟು ಮಂದಿಯೋ!

ಅಲ್ಲಿಂದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಡೆಹರಾಡೂನಿನ ಸೇನಾ ಅಕಾಡೆಮಿ, 1971ರ ಬಾಂಗ್ಲಾ ವಿಮೋಚನಾ ಯುದ್ಧ. ಸುಮಾರು ಎಂಟು ವರ್ಷಗಳ ಸೇವೆಯ ಬಳಿಕ, ಇನ್ನೂ ಮೂವತ್ತು ತುಂಬದ ವಯಸ್ಸಿನಲ್ಲಿ, ಕ್ಯಾಪ್ಟನ್ ಹುದ್ದೆಯನ್ನು ಬಿಟ್ಟು ಅವರು ಊರಿಗೆ ಮರಳಿದರು. ಆದರೆ ಮರಳಿ ಬಂದವನಿಗೆ ಉಳಲು ಹಳೆಯ ಹೊಲವಿರಲಿಲ್ಲ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಮನೆತನದ ಜಮೀನು ಮುಳುಗಿತ್ತು. ಬದಲಿಗೆ ದೊರೆತದ್ದು ಜಾವಗಲ್ಲಿನ ಸಮೀಪದ ಬೀಳು ಭೂಮಿ. ಆ ಬೀಳಿನಲ್ಲಿಯೇ ಗುಡಾರ ಹಾಕಿಕೊಂಡು ನಿಂತ ಅವರು ತೆಂಗು ಬೆಳೆಸಿದರು, ರೇಷ್ಮೆ ಸಾಕಿದರು, ಸಾಲ ಮಾಡಿದರು, ಸೋತರು, ಮತ್ತೆ ಹೂಡಿದರು. ವಿಷವನ್ನೂ ರಾಸಾಯನಿಕವನ್ನೂ ಕಡಿಮೆ ಮಾಡಿ, ಪ್ರಕೃತಿಗೆ ಒಗ್ಗುವಂತೆ ರೇಷ್ಮೆ ಕೃಷಿ ಮಾಡಿದ್ದಕ್ಕಾಗಿ 1996ರಲ್ಲಿ ರೋಲೆಕ್ಸ್ ಪ್ರಶಸ್ತಿಯ ಮನ್ನಣೆ ಬಂದಿತು. ಈ ನಡುವೆ ಹಾಸನದಲ್ಲಿ ಮೋಟಾರ್ ಸೈಕಲ್ ಮಾರಾಟ, ನೀರಾವರಿ ಸಲಕರಣೆಗಳ ವ್ಯಾಪಾರವನ್ನೂ ಮಾಡಿದರು. ವ್ಯಾಪಾರಿ ಹುಟ್ಟಿದ್ದು ರೈತನ ಕಷ್ಟದೊಳಗಿಂದಲೇ ಎಂಬುದನ್ನು ಮರೆಯಬಾರದು.

1997ರಲ್ಲಿ ಅವರು ಸೈನ್ಯದ ಗೆಳೆಯರೊಡನೆ ಹೆಲಿಕಾಪ್ಟರ್ ಬಾಡಿಗೆಯ ಸಂಸ್ಥೆಯನ್ನು ಕಟ್ಟಿದರು. 2003ರ ಆಗಸ್ಟ್ ತಿಂಗಳಲ್ಲಿ ಏರ್ ಡೆಕ್ಕನ್ ವಿಮಾನ ಹಾರಿತು. ಅದರ ಲಾಂಛನ ಆರ್. ಕೆ. ಲಕ್ಷ್ಮಣರ ಸಾಮಾನ್ಯ ಮನುಷ್ಯ. ಊಟ, ಉಪಚಾರಗಳ ಆಡಂಬರವಿಲ್ಲ. ಮುಂಚಿತವಾಗಿ ಕೊಂಡವರಿಗೆ ಕೆಲವು ಟಿಕೆಟುಗಳು ಒಂದೇ ರೂಪಾಯಿಗೆ! ಹುಬ್ಬಳ್ಳಿಯಂಥ ಊರುಗಳಿಗೂ ಚಿಕ್ಕ ವಿಮಾನ ಇಳಿಯಿತು. ನಾಲ್ಕು ವರ್ಷಗಳೊಳಗೆ 40ಕ್ಕೂ ಹೆಚ್ಚು ವಿಮಾನಗಳು, 60ಕ್ಕೂ ಹೆಚ್ಚು ಊರುಗಳು. ಹವಾಯಿ ಚಪ್ಪಲಿ ತೊಟ್ಟವನೂ ಕಿಟಕಿಯ ಪಕ್ಕದಲ್ಲಿ ಕುಳಿತು ಮೋಡವನ್ನು ಮೇಲಿನಿಂದ ನೋಡಬಹುದು ಎಂಬ ಮಾತಿಗೆ ಅರ್ಥ ಬಂದಿತು.

ಆದರೆ ಹೊಗಳಿಕೆಯಲ್ಲಿಯೇ ನಿಂತುಬಿಟ್ಟರೆ ವಿಮರ್ಶೆಗೆ ದ್ರೋಹವಾಗುತ್ತದೆ. ನಷ್ಟ ಬೆಳೆಯಿತು. 2007ರಲ್ಲಿ ಸಂಸ್ಥೆಯ ದೊಡ್ಡ ಪಾಲು ವಿಜಯ ಮಲ್ಯರ ಸಮೂಹಕ್ಕೆ ಹೋಯಿತು. ಮರುವರ್ಷ ಡೆಕ್ಕನ್ ಎಂಬ ಹೆಸರು ಅಳಿದು ಕಿಂಗ್‌ಫಿಷರ್ ರೆಡ್ ಎಂದಾಯಿತು. 2012ರಲ್ಲಿ ಕಿಂಗ್‌ಫಿಷರ್ ಹಾರಾಟವೇ ನಿಂತುಹೋಯಿತು. 2009ರಲ್ಲಿ ಗೋಪಿನಾಥರು ಆರಂಭಿಸಿದ ಸರಕು ಸಾಗಣೆಯ ವಿಮಾನ ಸಂಸ್ಥೆಯೂ ಬಹುಕಾಲ ಬಾಳಲಿಲ್ಲ. ಉಡಾನ್ ಯೋಜನೆಯ ಅಡಿಯಲ್ಲಿ ಮತ್ತೆ ಎದ್ದ ಏರ್ ಡೆಕ್ಕನ್ 2020ರಲ್ಲಿ ಕೋವಿಡ್ ಕಾಲಕ್ಕೆ ರೆಕ್ಕೆ ಮಡಿಸಿತು.

ನಮ್ಮ ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರು ದಾಸೋಹಕ್ಕೆ ಹೆಸರಾದವರು. ದಾಸೋಹವೆಂದರೆ ಬಂದವರಿಗೆ ಇಲ್ಲವೆನ್ನದಿರುವುದು. ಆದರೆ ದಾಸೋಹದ ಹಿಂದೆ ಹೊಲವಿರಬೇಕು, ಹಗೇವಿನಲ್ಲಿ ಜೋಳವಿರಬೇಕು. ಒಂದು ರೂಪಾಯಿಯ ಟಿಕೆಟ್ಟಿನಲ್ಲಿ ದಾಸೋಹದ ಔದಾರ್ಯದ ಛಾಯೆ ಇತ್ತು. ಹಗೇವು ಮಾತ್ರ ಬೇಗ ಬರಿದಾಯಿತು. ಹೀಗಿದ್ದೂ ಆ ಪ್ರಯತ್ನ ವ್ಯರ್ಥವೆನ್ನಲಾರೆ. ಅಗ್ಗದ ವಿಮಾನಯಾನ ಸಾಧ್ಯವೆಂದು ಒಬ್ಬನು ತೋರಿಸಿಕೊಟ್ಟ ಮೇಲೆ ಬಂದವರು ಅದೇ ಜಾಡಿನಲ್ಲಿ ನಡೆದರು. ದಾರಿ ಕಡಿದವನು ದಣಿದು ಕುಳಿತನೆಂದ ಮಾತ್ರಕ್ಕೆ ದಾರಿ ಮುಚ್ಚಿಹೋಗುವುದಿಲ್ಲವಷ್ಟೆ.

ರಾಜಕೀಯದಲ್ಲಿ ಗೋಪಿನಾಥರಿಗೆ ಗೆಲುವು ಒಲಿಯಲಿಲ್ಲ. 1994ರಲ್ಲಿ ಭಾರತೀಯ ಜನತಾ ಪಕ್ಷದಿಂದ ವಿಧಾನಸಭೆಗೆ ನಿಂತು ಸೋತರು. 2009ರಲ್ಲಿ ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದಲ್ಲಿ ಪಕ್ಷೇತರರಾಗಿ ನಿಂತಾಗಲೂ ಸೋತರು. 2014ರಲ್ಲಿ ಆಮ್ ಆದ್ಮಿ ಪಕ್ಷವನ್ನು ಸೇರಿ ಕೆಲವೇ ತಿಂಗಳಲ್ಲಿ ಹೊರಬಂದರು. ವಿಮಾನದಲ್ಲಿ ಅವರನ್ನು ನಂಬಿ ಕುಳಿತ ಸಾಮಾನ್ಯ ಮನುಷ್ಯ ಮತಪೆಟ್ಟಿಗೆಯ ಮುಂದೆ ಏಕೆ ನಂಬಲಿಲ್ಲ? ಟಿಕೆಟ್ಟಿನ ಸಂಬಂಧ ಒಂದು ಪಯಣಕ್ಕೆ ಮುಗಿಯುತ್ತದೆ. ಮತದ ಸಂಬಂಧಕ್ಕೆ ವರ್ಷಗಟ್ಟಲೆ ಜನರ ನಡುವೆ ಬೇರೂರಿದ ಒಡನಾಟ ಬೇಕು. ಅದಕ್ಕೆ ಜಾತಿ, ಹಣ, ಪಕ್ಷಗಳ ಬಲವೂ ಕೂಡಿಕೊಳ್ಳುತ್ತದೆ ಎಂಬುದು ನಮ್ಮೆಲ್ಲರಿಗೂ ತಿಳಿದ ಕಹಿ. ಗಮನಿಸಬೇಕಾದುದು ಇನ್ನೊಂದು: ಯುದ್ಧ ಕಂಡ ಅಧಿಕಾರಿ ಸಾಲಿನಲ್ಲಿ ನಿಂತ ಮತದಾರನ ಮುಂದೆ ಕೈಮುಗಿದು ಮತ ಕೇಳಿದ, ಕೊಡದಿದ್ದಾಗ ತಲೆಬಾಗಿ ಮನೆಗೆ ನಡೆದ. ನಮ್ಮ ಪ್ರಜಾಪ್ರಭುತ್ವದ ಘನತೆ ಇರುವುದು ಆ ತಲೆಬಾಗಿದ ನಡೆಯಲ್ಲಿ.

ತಮ್ಮ ಬದುಕನ್ನು ಅವರು ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಅದು ಕನ್ನಡಕ್ಕೂ ಬಂದಿದೆ. ಅದನ್ನು ಆಧರಿಸಿದ ತಮಿಳು ಚಿತ್ರ 'ಸೂರರೈ ಪೋಟ್ರು' 2020ರಲ್ಲಿ ತೆರೆಕಂಡಿತು. ಕನ್ನಡಿಗನ ಕಥೆಯನ್ನು ತೆರೆಗೆ ತಂದವರು ತಮಿಳರು ಎಂಬುದು ನಾವು ಯೋಚಿಸತಕ್ಕ ವಿಷಯ.

2019ರ ನವೆಂಬರ್ 22ರಂದು ಕಲಬುರಗಿಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಆದರೂ ಆಳಂದ, ಅಫಜಲಪುರ, ಜೇವರ್ಗಿಗಳಿಂದ ಕೂಲಿ ಅರಸಿ ಮುಂಬಯಿ, ಪುಣೆ, ಬೆಂಗಳೂರುಗಳಿಗೆ ಹೋಗುವವರು ಗಂಟುಮೂಟೆ ಹೊತ್ತು ರೈಲು ಬಸ್ಸುಗಳನ್ನೇ ಹತ್ತುತ್ತಾರೆ. ವಿಮಾನ ಬಂದರೆ ಸಾಲದು. ಹೋಗುವವನು ಹೊಟ್ಟೆಪಾಡಿಗಾಗಿ ಹೋಗುವನೋ, ಇಚ್ಛೆಯಿಂದ ಹೋಗುವನೋ ಎಂಬುದೇ ಮುಖ್ಯ. ಬೀಳು ನೆಲದಲ್ಲಿ ಮೊದಲು ಬೇರೂರಿ, ಆಮೇಲೆ ಮುಗಿಲಿಗೆ ಕೈಚಾಚಿದ ಈ ಬದುಕು ನಮ್ಮ ತರುಣರಿಗೆ ಆ ಅನುಕ್ರಮವನ್ನು ನೆನಪಿಸಿದರೆ ಸಾಕು.